ಪೆಟ್ಟಿಗೆಯೊಳಗಿನ ಕಲ್ಲಿಗೆ ಕುಂಕುಮ

ಅಬರ್ಲೆಮ್ನೊ: ಮುಚ್ಚಿದ ಬಾಗಿಲು

ನಾವು ನೋಡಲು ಹೋದ ಕಲ್ಲು ಪೆಟ್ಟಿಗೆಯೊಳಗಿತ್ತು.

ಅಬರ್ಲೆಮ್ನೊ ಸ್ಕಾಟ್‌ಲೆಂಡಿನ ಪೂರ್ವ ಭಾಗದ ಸಣ್ಣ ಹಳ್ಳಿ. ರಸ್ತೆ ಬದಿಗೆ ಕೆಲವು ಮನೆಗಳು, ಸುತ್ತ ಹೊಲ, ಇಳಿಜಾರಿನಲ್ಲಿ ಒಂದು ಚರ್ಚು. ಸಾವಿರ ವರ್ಷಕ್ಕೂ ಹಿಂದೆ ಈ ಸೀಮೆಯಲ್ಲಿದ್ದ ಪಿಕ್ಟ್ ಎಂಬ ಜನ ಕೆತ್ತಿ ನಿಲ್ಲಿಸಿದ ಕಲ್ಲುಗಳು ಇಲ್ಲಿ ಇನ್ನೂ ನಿಂತಿವೆ. ತಮ್ಮ ಕಥೆ ಹೇಳುವ ಪುಸ್ತಕಗಳನ್ನು ಆ ಜನ ಬಿಟ್ಟು ಹೋಗಲಿಲ್ಲ. ಹಾವು, ಮೀನು, ಕನ್ನಡಿ, ಬಾಚಣಿಗೆ, ಜೋಡಿ ಚಕ್ರ, ಮುರಿದ ಬಾಣ ಇಂಥ ಗುರುತುಗಳನ್ನು ಕಲ್ಲಿನ ಮೇಲೆ ಬಿಟ್ಟು ಹೋದರು. ಹೆಸರುಗಳಿರಬಹುದು ಎನ್ನುವವರಿದ್ದಾರೆ, ಮನೆತನದ ಚಿಹ್ನೆ ಎನ್ನುವವರಿದ್ದಾರೆ. ಖಚಿತವಾಗಿ ಓದಿ ಹೇಳಿದವರು ಯಾರೂ ಇಲ್ಲ.

ಯುಗಾದಿ ಮುಗಿಸಿಕೊಂಡು ಬೆಂಗಳೂರಿನಿಂದ ಹೊರಟವರು ನಾವಿಬ್ಬರು. ಪತ್ರಿಕೆಯೊಂದರ ಸುದ್ದಿಮನೆಯಿಂದ ನಿವೃತ್ತಳಾದ ನಾನು, ಮತ್ತು ಅತ್ತಿಗುಪ್ಪೆಯಲ್ಲೇ ಹುಟ್ಟಿ, ಅತ್ತಿಗುಪ್ಪೆಗೇ ಸೊಸೆಯಾಗಿ, ತಿರುಪತಿ ಧರ್ಮಸ್ಥಳ ಬಿಟ್ಟು ಬೇರೆಲ್ಲೂ ಹೆಚ್ಚು ಹೋಗದ ನನ್ನ ಅಕ್ಕ ಗೌರಮ್ಮ. ಅಕ್ಕನ ಮಗಳು ಸಿಂಧು ಡಂಡಿ ನಗರದ ಆಸ್ಪತ್ರೆಯಲ್ಲಿ ನರ್ಸ್. ಅವಳೇ ಕಾರು ಓಡಿಸಿಕೊಂಡು ನಮ್ಮನ್ನು ಇಲ್ಲಿಗೆ ಕರೆತಂದಿದ್ದಳು.

ಚರ್ಚಿನ ಅಂಗಳದಲ್ಲಿ, ಸಮಾಧಿಗಳ ನಡುವೆ, ಆಳಿಗಿಂತ ಎತ್ತರದ ಮರದ ಪೆಟ್ಟಿಗೆ ನಿಂತಿತ್ತು. ಮೇಲೆ ಇಳಿಜಾರು ಸೂರು, ಪಕ್ಕದಲ್ಲಿ ಬೋಲ್ಟು. ಚಳಿಗಾಲ ಕಳೆಯುವವರೆಗೆ ಕಲ್ಲುಗಳನ್ನು ಮುಚ್ಚಿರುತ್ತೇವೆ ಎಂಬ ಫಲಕ ಬೇಲಿಯ ಮೇಲಿತ್ತು. ರಸ್ತೆ ಬದಿಯ ಕಲ್ಲುಗಳಿಗೂ ಅದೇ ವ್ಯವಸ್ಥೆ.

"ಅಯ್ಯೋ ಚಿಕ್ಕಮ್ಮ, ವೆಬ್‌ಸೈಟಲ್ಲೇ ಹಾಕಿದ್ರು. ನಾನು ಫೋಟೋ ಮಾತ್ರ ನೋಡ್ದೆ," ಎಂದಳು ಸಿಂಧು.

ಅಕ್ಕ ನನ್ನ ಕಡೆ ತಿರುಗಿದಳು. "ಸರೋಜ, ಊರಿಗೆಲ್ಲಾ ಸುದ್ದಿ ಹೇಳ್ತಿದ್ದೋಳು ನೀನು. ಇದೊಂದು ಗೊತ್ತಾಗ್ಲಿಲ್ವಾ ನಿಂಗೆ?"

ನನಗೆ ನಿಜಕ್ಕೂ ಬೇಸರವಾಗಿತ್ತು. ಅಕ್ಕನಿಗೆ ಆಗಿರಲಿಲ್ಲ. ಅವಳು ಚಪ್ಪಲಿ ಕಳಚುವ ಹಾಗೆ ಬೂಟಿನ ಲೇಸಿಗೆ ಕೈ ಹಾಕಿ, ಹುಲ್ಲಿನ ಮೇಲಿನ ಮಂಜು ಕಂಡು ಕೈ ಹಿಂದಕ್ಕೆ ತೆಗೆದುಕೊಂಡಳು.

"ತೆರೆ ಹಾಕಿದ್ದಾರೆ ಕಣೇ, ಅಷ್ಟೇ. ಒಳಗೆ ಅಲಂಕಾರ ಆಗ್ತಿದ್ರೆ ಯಾರಾದ್ರೂ ಎದ್ದು ಮನೆಗೆ ಹೋಗ್ತಾರಾ? ಕಾಯ್ಬೇಕು."

ಅಷ್ಟರಲ್ಲಿ ಪಕ್ಕದ ಸಮಾಧಿಯ ಬಳಿ ಒಣಗಿದ ಹೂ ತೆಗೆಯುತ್ತಿದ್ದ ವಯಸ್ಸಾದ ಹೆಂಗಸು ಎದ್ದು ಬಂದರು. ಹೆಸರು ಮೋರಾಗ್. ಇಲ್ಲಿಯವರು ಮಾತು ಶುರು ಮಾಡುವುದು ಹವಾಮಾನದಿಂದ, ನಮ್ಮಲ್ಲಿ ಊಟ ಆಯ್ತಾ ಎಂದು ಕೇಳುವ ಹಾಗೆ. ಉತ್ತರ ಯಾರಿಗೂ ಬೇಕಿರುವುದಿಲ್ಲ. ಗಾಳಿಗಾಗಿ ನಮ್ಮ ಕ್ಷಮೆ ಕೇಳಿದ ಮೇಲೆ ಅವರು ವಿಷಯಕ್ಕೆ ಬಂದರು. ಮುಂದಿನ ವಾರ ಕೆಲಸದವರು ಬಂದು ಪೆಟ್ಟಿಗೆ ಎತ್ತುತ್ತಾರೆ. ಆ ದಿನ ಫ್ಲಾಸ್ಕಿನಲ್ಲಿ ಚಹಾ ತಂದು ಇಲ್ಲಿ ನಿಲ್ಲುವುದು ಅವರ ತಂದೆಯ ರೂಢಿಯಾಗಿತ್ತು, ಈಗ ಅವರದು.

ಯಾಕೆ ಮುಚ್ಚುತ್ತೀರಿ ಎಂದು ಅಕ್ಕ ಮಗಳ ಮೂಲಕ ಕೇಳಿಸಿದಳು. ಕಲ್ಲಿನ ಬಿರುಕಿಗೆ ನೀರು ಇಳಿಯುತ್ತದೆ, ಚಳಿಗೆ ಹೆಪ್ಪುಗಟ್ಟಿ ಉಬ್ಬುತ್ತದೆ, ಕಲ್ಲನ್ನು ಒಳಗಿನಿಂದಲೇ ಸೀಳುತ್ತದೆ ಎಂದರು ಮೋರಾಗ್.

"ಕಂಬಳಿ ಹೊದಿಸಿದ್ದಾರೆ ಅನ್ನು," ಎಂದಳು ಅಕ್ಕ. ಸಿಂಧು ಅದನ್ನು ಇಂಗ್ಲಿಷಿಗೆ ತಿರುಗಿಸಿದಾಗ ಮೋರಾಗ್ ಆ ಮಾತನ್ನು ತಾವೂ ಒಮ್ಮೆ ಹೇಳಿ ನೋಡಿ ನಕ್ಕರು.

ನಾವು ಕಾರಿನ ಕಡೆ ನಡೆದೆವು. ಅಕ್ಕ ಹಿಂದೆ ಉಳಿದು ಸ್ವಲ್ಪ ತಡವಾಗಿ ಬಂದಳು. ಶಾಲಿನ ಅಂಚಿಗೆ ಬೆರಳು ಒರೆಸಿಕೊಳ್ಳುತ್ತಿದ್ದಳು. ನಾನು ಗಮನಿಸಿದೆ, ಕೇಳಲಿಲ್ಲ.

ಕಾರಿನಲ್ಲಿ: ನಮ್ಮ ಮನೆಯ ಅಜ್ಜಪ್ಪ

ಈ ಪ್ರವಾಸದ ಹಿಂದೆ ಒಂದು ಕೌಟುಂಬಿಕ ತಗಾದೆ ಇತ್ತೆಂಬುದನ್ನು ಇಲ್ಲಿಯೇ ಹೇಳಿಬಿಡಬೇಕು.

ಅತ್ತಿಗುಪ್ಪೆ ಹಳೇ ಊರಿನಲ್ಲಿ ನಮ್ಮ ತವರು ಮನೆಯ ಅಂಗಳದಲ್ಲಿ ಒಂದು ವೀರಗಲ್ಲು ಇದೆ. ಸುತ್ತ ಹೊಲವಿದ್ದ ಕಾಲದಲ್ಲೂ ಅಲ್ಲೇ ಇತ್ತು, ಈಗ ಮೆಟ್ರೋ ಸದ್ದಿಗೂ ಅಲ್ಲೇ ಇದೆ. ಕೆಳಗಿನ ಪಟ್ಟಿಕೆಯಲ್ಲಿ ದನಗಳ ಮುಂದೆ ಕತ್ತಿ ಹಿಡಿದವನೊಬ್ಬ, ನಡುವೆ ಅವನನ್ನು ಮೇಲಕ್ಕೆ ಒಯ್ಯುವ ಅಪ್ಸರೆಯರು, ಮೇಲೆ ಲಿಂಗದ ಎದುರು ಕೈಮುಗಿದು ಕೂತ ಅವನೇ. ಅಕ್ಷರ ಇದ್ದಿರಬಹುದು, ಎಣ್ಣೆ ಬಳಿದು ಬಳಿದು ಸವೆದಿವೆ. ಹೆಸರು ಗೊತ್ತಿಲ್ಲದ ಕಾರಣ ಮನೆಯಲ್ಲಿ ಅವನನ್ನು ಅಜ್ಜಪ್ಪ ಎನ್ನುತ್ತೇವೆ. ಅವನಿಗೆ ಎಣ್ಣೆ, ಅರಿಸಿನ, ಕುಂಕುಮ ಇಡುವುದು ಅಮ್ಮನ ಕಾಲಾನಂತರ ಅಕ್ಕನ ಪಾಲಿಗೆ ಬಂತು.

ನಮ್ಮ ತಮ್ಮ ಶಿವಣ್ಣ ಹಳೇ ಮನೆ ಕೆಡವಿ ಮೂರು ಅಂತಸ್ತು ಕಟ್ಟಿಸಲು ಹೊರಟಿದ್ದ. ನಕ್ಷೆಯ ಪ್ರಕಾರ ಮೂಲೆಯ ಕಂಬ ಬರುತ್ತಿದ್ದುದು ಅಜ್ಜಪ್ಪ ನಿಂತ ಜಾಗದಲ್ಲೇ. ಕಲ್ಲನ್ನು ಮ್ಯೂಸಿಯಂಗೆ ಕೊಡೋಣ ಎಂದು ಶಿವಣ್ಣ, ಕದಲಿಸಕೂಡದು ಎಂದು ಅಕ್ಕ. ಅಕ್ಕ ಒಪ್ಪದೆ ಅಲ್ಲಿ ಗುದ್ದಲಿ ಹಾಕುವ ಧೈರ್ಯ ಅವನಿಗಿರಲಿಲ್ಲ. ಮನೆ ಕೆಡವಿಯಾಗಿತ್ತು, ಪಾಯ ತೆಗೆಯುವುದು ನಿಂತಿತ್ತು, ಅವನ ಸಂಸಾರ ಚಂದ್ರಾ ಲೇಔಟಿನ ಬಾಡಿಗೆ ಮನೆಯಲ್ಲಿತ್ತು.

ನಾವು ವಿಮಾನ ಹತ್ತುವ ಮೊದಲು ಅವನು ನನ್ನನ್ನು ಪಕ್ಕಕ್ಕೆ ಕರೆದು ಹೇಳಿದ್ದ: "ಸರೋಜಕ್ಕ, ಅಲ್ಲಿ ಹಳೇ ಕಲ್ಗಳನ್ನ ಒಳಗಿಟ್ಟು ಎಷ್ಟು ಚೆನ್ನಾಗಿ ನೋಡ್ಕೊತಾರಂತೆ. ದೊಡ್ಡಕ್ಕನಿಗೆ ಅದನ್ನೆಲ್ಲ ತೋರ್ಸು. ಅವಳೇ ಒಪ್ಕೋತಾಳೆ."

ಒಳಗಿಟ್ಟದ್ದನ್ನೂ ತೋರಿಸುತ್ತೇನೆ, ಹೊರಗಿಟ್ಟದ್ದನ್ನೂ ತೋರಿಸುತ್ತೇನೆ ಎಂದು ನಾನು ಹೇಳಿದ್ದೆ. ಒಂದೇ ಕಡೆಯ ಮಾತು ಕೇಳಿ ಸುದ್ದಿ ಬರೆಯುವುದು ನನ್ನ ಅಭ್ಯಾಸವಲ್ಲ.

ಅಬರ್ಲೆಮ್ನೊದಿಂದ ಹೊರಟ ಕಾರಿನಲ್ಲೇ ಅವನ ಫೋನು ಬಂತು.

"ಏನಂದ್ಲು ದೊಡ್ಡಕ್ಕ?"

"ಕಲ್ಲು ಇನ್ನೂ ನೋಡಿಲ್ಲ. ಪೆಟ್ಟಿಗೇಲಿದೆ," ಎಂದೆ.

"ನೋಡಿದ್ಯಾ! ಪೆಟ್ಟಿಗೇಲಿ ಇಟ್ಟಿದ್ದಾರೆ. ಅಷ್ಟು ಜೋಪಾನ. ಹೇಳು ಅವಳಿಗೆ."

ಹಿಂದಿನ ಸೀಟಿನಿಂದ ಅಕ್ಕ ಜೋರಾಗಿ ಹೇಳಿದಳು: "ನಿಂತ ಜಾಗದಲ್ಲೇ ಪೆಟ್ಟಿಗೆ ಹಾಕಿದ್ದಾರೆ ಕಣೋ. ಅದನ್ನೂ ಕೇಳಿಸ್ಕೋ."

ಶ್ಯಾಂಡ್ವಿಕ್: ಗಾಜಿನ ಮನೆ

ಪೆಟ್ಟಿಗೆ ತೆರೆಯುವವರೆಗೆ ಉತ್ತರಕ್ಕೆ ಹೋಗಿ ಬರೋಣ ಎಂದಳು ಸಿಂಧು. ಹೊಸದಾಗಿ ಲೈಸೆನ್ಸ್ ಪಡೆದವಳ ವೇಗದಲ್ಲಿ ಬೆಟ್ಟಗಳನ್ನು ದಾಟಿ ಕಡಲ ಕಡೆ ಇಳಿದೆವು. ಹಿಂದೆ ಸಾಲುಗಟ್ಟಿದ ವಾಹನಗಳಲ್ಲಿ ಒಂದೂ ಹಾರ್ನ್ ಮಾಡಲಿಲ್ಲ. "ಯಾಕೆ ಯಾರೂ ಬೈತಿಲ್ಲ? ನಮ್ಮ ವಿಜಯನಗರದಲ್ಲಾಗಿದ್ರೆ ಇಷ್ಟೊತ್ತಿಗೆ ನಿಮ್ಮಮ್ಮನ್ನೂ ಸೇರ್ಸಿ ಬೈತಿದ್ರು," ಎಂದು ಅಕ್ಕ ಮಗಳಿಗೆ ಹೇಳಿದಳು.

ಉಳಿದುಕೊಂಡ ಮನೆಯಲ್ಲಿ ಬೆಳಗಿನ ತಿಂಡಿಗೆ ಓಟ್ಸಿನ ಗಂಜಿ. ಸಕ್ಕರೆ ಹಾಕಿಕೊಳ್ಳಲು ಹೋದ ನನ್ನನ್ನು ಮನೆಯೊಡತಿ ನಯವಾಗಿ ತಡೆದು ಉಪ್ಪು ಮುಂದಿಟ್ಟರು. ನಂತರ ತಟ್ಟೆಗೆ ಕಪ್ಪು ಬಿಲ್ಲೆಗಳು ಬಂದವು. ಸಿಂಧು ಹಿಂಜರಿಯುತ್ತಾ ಅದು ರಕ್ತ ಮತ್ತು ಓಟ್ಸ್ ಸೇರಿಸಿ ಮಾಡಿದ್ದೆಂದು ತಾಯಿಗೆ ತಿಳಿಸಿದಳು. ಅಕ್ಕ ಒಂದು ಚೂರು ಬಾಯಿಗೆ ಹಾಕಿಕೊಂಡು ಕಣ್ಣರಳಿಸಿದಳು.

"ಸರೋಜ! ಮರಿ ಕುಯ್ದಾಗ ಅಮ್ಮ ಮಾಡ್ತಿದ್ಲಲ್ಲ ರಕ್ತದ ಪಲ್ಯ, ಅದೇ! ಮೆಣಸಿನಕಾಯಿ ಮಾತ್ರ ಮರೆತಿದ್ದಾರೆ."

ನನ್ನ ಪಾಲಿನದೂ ಅವಳ ತಟ್ಟೆಗೆ ಹೋಯಿತು. ಮನೆಯೊಡತಿ ಸಂತೋಷದಿಂದ ಇನ್ನೆರಡು ತಂದಿಟ್ಟರು.

ಶ್ಯಾಂಡ್ವಿಕ್‌ನ ಕಲ್ಲು ಊರ ಮೇಲಿನ ದಿಬ್ಬದಲ್ಲಿ ಕಡಲಿಗೆ ಮುಖ ಮಾಡಿ ನಿಂತಿದೆ. ಸುತ್ತ ಗಾಜಿನ ಮನೆ. ಹಿಂದೊಮ್ಮೆ ಬಿರುಗಾಳಿಗೆ ಬಿದ್ದು ಒಡೆದು, ಮತ್ತೆ ಜೋಡಿಸಿ ನಿಲ್ಲಿಸಿದ್ದು. ಗಾಜಿನಲ್ಲಿ ಮೊದಲು ಕಂಡಿದ್ದು ಮೋಡ, ಆಮೇಲೆ ನಮ್ಮದೇ ಮುಖ, ಆಮೇಲೆ ಕಲ್ಲು. ಜೋಡಿ ಚಕ್ರದ ಕೆಳಗೆ ಪಿಕ್ಟರ ಪ್ರಸಿದ್ಧ ಪ್ರಾಣಿ ಇತ್ತು: ಉದ್ದ ಮೂತಿ, ಸುರುಳಿ ಕಾಲು. ಅದು ಯಾವ ಪ್ರಾಣಿ ಎಂದು ಯಾರಿಗೂ ಗೊತ್ತಿಲ್ಲ. ಡಾಲ್ಫಿನ್ ಎನ್ನುತ್ತಾರೆ, ಬರೀ ಕಲ್ಪನೆ ಎನ್ನುತ್ತಾರೆ.

ಅಕ್ಕ ಹಣೆಯನ್ನು ಗಾಜಿಗೆ ಒತ್ತಿ ನೋಡಿದಳು. "ಆನೆ ಅಲ್ವಾ? ಆನೆ ನೋಡಿದೋನು ಬಂದು ಹೇಳಿದ್ದಾನೆ. ನೋಡದೋನು ಕೆತ್ತಿದ್ದಾನೆ."

ಇದನ್ನು ನಾನು ಅಭಿಪ್ರಾಯವೆಂದು ದಾಖಲಿಸುತ್ತಿದ್ದೇನೆ, ಸಂಶೋಧನೆ ಎಂದಲ್ಲ. ಆದರೂ ಅವತ್ತಿಡೀ ನನಗೆ ಅದು ಆನೆಯಾಗಿಯೇ ಕಂಡಿತು.

ಗಾಜಿನ ಮನೆ ಹೇಗಿದೆ ಎಂದು ಕೇಳಿದೆ. "ಮಳೆ ಬೀಳಲ್ಲ, ಸರಿ. ಚಿನ್ನದಂಗಡಿ ಶೋಕೇಸ್ ಥರ ಆಯ್ತು. ಮುಟ್ಟೋ ಹಾಗಿಲ್ಲ," ಎಂದಳು.

ಹಿಲ್ಟನ್: ತಲೆ ಒಂದು ಕಡೆ, ಕಾಲು ಒಂದು ಕಡೆ

ಅಲ್ಲಿಂದ ಹತ್ತಿರದಲ್ಲೇ, ಕಡಲ ದಂಡೆಯ ಹಿಲ್ಟನ್ ಎಂಬ ಊರಿನಲ್ಲಿ, ಪಾಳುಬಿದ್ದ ಪ್ರಾರ್ಥನಾ ಮಂದಿರದ ಜಾಗದಲ್ಲಿ ಎತ್ತರದ ಕಲ್ಲೊಂದಿದೆ. ಬೇಟೆಗೆ ಹೊರಟವರು, ನಾಯಿಗಳು, ಜಿಂಕೆ. ಮೇಲೆ ಕುದುರೆಯ ಮೇಲೆ ಕೂತ ಹೆಂಗಸು. ಅವಳ ಪಕ್ಕದಲ್ಲಿ ಕನ್ನಡಿ ಮತ್ತು ಬಾಚಣಿಗೆ.

ಅಕ್ಕ ಚಪ್ಪಾಳೆ ತಟ್ಟಿದಳು. "ಬಾಗಿನ ಕಣೇ! ಮೊರ ಒಂದು ಇಲ್ಲ ಅಷ್ಟೇ. ಗೌರಿ ಹಬ್ಬಕ್ಕೆ ಕನ್ನಡಿ, ಬಾಚಣಿಗೆ ಇಟ್ಟು ಕೊಡಲ್ವಾ? ತವರಿಂದ ಬಾಗಿನ ತಗೊಂಡು ಕುದುರೆ ಮೇಲೆ ಹೊರಟಿದ್ದಾಳೆ."

ಕೈಮುಗಿದಳು. ಆಮೇಲೆ ಫಲಕ ಓದಿದ ಸಿಂಧು ಇದು ಅಸಲಿ ಕಲ್ಲಲ್ಲ, ಈಚೆಗೆ ಶಿಲ್ಪಿಯೊಬ್ಬರು ಕೆತ್ತಿ ನಿಲ್ಲಿಸಿದ ಪ್ರತಿ ಎಂದಳು. ಅಸಲಿ ಕಲ್ಲಿನ ಕಥೆ ದೊಡ್ಡದು. ಒಂದು ಕಾಲದಲ್ಲಿ ಯಾರೋ ಸಿರಿವಂತ ಅದರ ಒಂದು ಮುಖವನ್ನು ಪೂರ್ತಿ ಕೆತ್ತಿ ತೆಗೆಸಿ, ತನ್ನ ಮತ್ತು ತನ್ನ ಮೂವರು ಹೆಂಡತಿಯರ ಸಮಾಧಿಗಲ್ಲಾಗಿ ಮಾಡಿಕೊಂಡ. ಆಮೇಲೆ ಅದು ಒಂದು ಬಂಗಲೆಗೆ ಹೋಯಿತು, ಅಲ್ಲಿಂದ ಲಂಡನ್ನಿಗೆ ಹೋಯಿತು, ಜನ ಗಲಾಟೆ ಮಾಡಿದ ಮೇಲೆ ಎಡಿನ್‌ಬರೋದ ಮ್ಯೂಸಿಯಂಗೆ ಬಂತು. ಬುಡದ ತುಂಡು ಮಾತ್ರ ಇಲ್ಲೇ ನೆಲದಲ್ಲಿ ಉಳಿದಿತ್ತು. ಅದನ್ನು ಈಚೆಗೆ ಅಗೆದು ತೆಗೆದು ಇಲ್ಲಿನವರ ಸಭಾಭವನದಲ್ಲಿ ಇಟ್ಟುಕೊಂಡಿದ್ದಾರೆ.

"ನನಗಿಂತ ಜಾಸ್ತಿ ತಿರುಗಿದೆ," ಎಂದಳು ಅಕ್ಕ. "ಪಾಪ. ತಲೆ ಒಂದ್ಕಡೆ, ಕಾಲು ಒಂದ್ಕಡೆ."

"ಮತ್ತೆ ನಕಲಿಗೆ ಕೈಮುಗಿದೆಯಲ್ಲ ಅಮ್ಮ?" ಎಂದು ಸಿಂಧು ಕೆಣಕಿದಳು.

"ಜಾಗಕ್ಕೆ ಮುಗಿದೆ ಕಣೇ."

ಶಿವಣ್ಣನ ಫೋನು ಬಂದಾಗ ನಾನು ಪ್ರತಿಯ ವಿಷಯವನ್ನೂ ತಿಳಿಸಿದೆ. ಅವನಿಗೆ ಹುರುಪು ಬಂತು. "ಸೂಪರ್ ಐಡಿಯಾ! ನಾವೂ ಒಂದು ಕಾಪಿ ಮಾಡ್ಸಿ ಗೇಟ್ ಹತ್ರ ನಿಲ್ಸೋಣ. ಒರಿಜಿನಲ್ ಮ್ಯೂಸಿಯಂಗೆ ಕೊಡೋಣ."

ಅಕ್ಕ ನನ್ನ ಕೈಯಿಂದ ಫೋನ್ ಕಿತ್ತುಕೊಂಡಳು. "ಶಿವಾ, ನಿಂದೊಂದು ಕಾಪಿ ಮಾಡ್ಸಿ ನಿನ್ನ ಹೆಂಡ್ತಿಗೆ ಕೊಡ್ತೀನಿ. ಒರಿಜಿನಲ್‌ನ ಮ್ಯೂಸಿಯಂಗೆ ಕಳಿಸ್ತೀನಿ. ಆಗತ್ತಾ?"

ಅತ್ತ ಕಡೆಯಿಂದ ತಮ್ಮನ ಹೆಂಡತಿಯ ನಗು ನನಗೂ ಕೇಳಿಸಿತು.

ಫೋನ್ ಇಟ್ಟ ಮೇಲೆ ಅಕ್ಕ ಕಡಲ ಕಡೆ ತಿರುಗಿದಳು. "ಮಕ್ಳನ್ನ ಕಟ್ಕೊಂಡು ಬಾಡಿಗೆ ಮನೇಲಿದ್ದಾನೆ ಅವನು. ಹಟ ಹಿಡಿಯೋಕೆ ನಂಗೇನು ಆಸೆನಾ? ಜೆಸಿಬಿ ತಂದು ಎತ್ತಿಸ್ತಾರೆ ಸರೋಜ. ಒಂದು ಏಟು ಬಿದ್ರೆ ಸಾಕು. ಆಮೇಲೆ ಅಜ್ಜಪ್ಪಂಗೂ ತಲೆ ಒಂದ್ಕಡೆ ಕಾಲು ಒಂದ್ಕಡೆ."

ಅವಳ ಭಯ ಏನೆಂದು ಅವಳು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು.

ಅಬರ್ಲೆಮ್ನೊ: ತೆರೆ ಸರಿಯಿತು

ಪೆಟ್ಟಿಗೆ ಎತ್ತುವ ಬೆಳಿಗ್ಗೆ ನಾವು ಹೋದಾಗ ಕೆಲಸ ನಿಂತಿತ್ತು.

ವ್ಯಾನು ಬಂದಿತ್ತು, ಏಣಿ ಇಳಿದಿತ್ತು, ಇಬ್ಬರು ಕೆಲಸಗಾರರು ಹಳದಿ ಜಾಕೆಟ್ ತೊಟ್ಟು ಪೆಟ್ಟಿಗೆಯ ಹಿಂಬದಿ ನೋಡುತ್ತಾ ನಿಂತಿದ್ದರು. ಮೋರಾಗ್ ಫ್ಲಾಸ್ಕ್ ಹಿಡಿದು ಜೊತೆಗಿದ್ದರು. ಎಲ್ಲರೂ ನೋಡುತ್ತಿದ್ದುದು ಮರದ ಹಲಗೆಯ ಮೇಲೆ, ಸೂರಿನ ಅಡಿಯಲ್ಲಿ, ಮಳೆ ತಾಗದ ಜಾಗದಲ್ಲಿದ್ದ ಒಂದು ಗುರುತನ್ನು. ಅಡ್ಡಲಾಗಿ ಹಳದಿ ಪಟ್ಟೆ. ಅದರ ಮೇಲೆ ಮೂರು ಕೆಂಪು ಚುಕ್ಕೆ.

ನನಗೆ ತಕ್ಷಣ ಅಕ್ಕನ ಶಾಲಿನ ಅಂಚು ನೆನಪಾಯಿತು. ತಿರುಗಿ ನೋಡಿದೆ. ಅಕ್ಕ ಆಕಾಶ ನೋಡುತ್ತಿದ್ದಳು.

ಚರ್ಚೆ ಗಂಭೀರವಾಗಿತ್ತು. ಕಡಿಯಬೇಕಾದ ಮರಗಳಿಗೆ ಹೀಗೇ ಬಣ್ಣ ಹಚ್ಚುತ್ತಾರೆ, ಇನ್ಸ್‌ಪೆಕ್ಟರ್ ಬಂದು ಏನೋ ದೋಷ ಗುರುತಿಸಿರಬೇಕು, ಕಚೇರಿಗೆ ಕೇಳದೆ ಬಿಚ್ಚಬಾರದು ಎಂಬುದು ಹಿರಿಯ ಕೆಲಸಗಾರನ ವಾದ. ಚಾರಣದವರು ದಾರಿ ತೋರಿಸಲು ಹಾಕಿದ್ದು ಎಂದು ಇನ್ನೊಬ್ಬ. ದಾರಿ ತೋರಿಸಲು ಚರ್ಚಿನ ಹಿಂದೆ ಯಾಕೆ ಹಾಕುತ್ತಾರೆ, ಅಲ್ಲಿಂದ ಮುಂದೆ ದಾರಿಯೇ ಇಲ್ಲವಲ್ಲ ಎಂದು ಮೋರಾಗ್. ಹಿರಿಯವನು ಕಚೇರಿಗೆ ಫೋನ್ ಮಾಡಿ, ಆ ಕಡೆ ಯಾರೂ ಎತ್ತದೆ, ಕಾಯುತ್ತಿದ್ದ.

"ಏನಂತೆ ಅವರಿಗೆ?" ಎಂದು ಅಕ್ಕ ಕೇಳಿದಳು. ಸಿಂಧು ಪಿಸುಗುಟ್ಟಿದಳು. ಅಕ್ಕ ನೆಟ್ಟಗೆ ಮುಂದೆ ಹೋಗಿ ಬೆರಳನ್ನು ಎದೆಗೆ ತೋರಿಸಿಕೊಂಡಳು.

"ಮೈ ವರ್ಕ್," ಎಂದಳು. ಕೈಚೀಲದಿಂದ ಪುಟ್ಟ ಸ್ಟೀಲ್ ಡಬ್ಬಿ ತೆಗೆದು ಮುಚ್ಚಳ ಬಿಚ್ಚಿ ತೋರಿಸಿದಳು. ಒಂದು ಕಡೆ ಅರಿಸಿನ, ಒಂದು ಕಡೆ ಕುಂಕುಮ. "ಬಾಗ್ಲು ಹಾಕಿದ್ದಾಗ ಹೊಸ್ತಿಲಿಗಾದ್ರೂ ಇಡಲ್ವಾ? ಹೇಳೇ ಸಿಂಧು ಅವರಿಗೆ. ಕಲ್ಲಿಗೆ ಮುಟ್ಟಿಸಿಲ್ಲ ಅಂತ್ಲೂ ಹೇಳು."

ಸಿಂಧು ಹೇಳಿದಳು. ಮಧ್ಯೆ ಎರಡು ಸಲ ಕ್ಷಮೆಯನ್ನೂ ಸೇರಿಸಿದಳು. ಅವು ಅಕ್ಕ ಹೇಳಿದ್ದಲ್ಲ.

ಹಿರಿಯ ಕೆಲಸಗಾರ ಫೋನನ್ನು ಜೇಬಿಗೆ ಹಾಕಿ ನಗಲಾರಂಭಿಸಿದ. "ಈ ಕಲ್ಲಿನ ಗುರುತುಗಳ ಬಗ್ಗೆ ದೊಡ್ಡ ದೊಡ್ಡವರು ಬಂದು ಜಗಳ ಆಡಿದ್ದನ್ನ ನೋಡಿದ್ದೇನೆ. ಗುರುತು ಹಾಕಿದವರೇ ಎದುರು ನಿಂತು ಹೇಳಿದ್ದು ಇದೇ ಮೊದಲು!" ಎಂದ. ಆಮೇಲೆ ಕೇಳಿದ: "ಅರ್ಥ ಏನು?"

ಅಕ್ಕ ಕ್ಷಣ ಯೋಚಿಸಿದಳು. "ಹೊರಗೆ ಜನ ಬಂದಿದ್ರು, ಮರೆತಿಲ್ಲ ಅಂತ ಒಳಗಿರೋನಿಗೆ ಗೊತ್ತಾಗ್ಲಿ ಅಂತ."

ಮೋರಾಗ್ ಫ್ಲಾಸ್ಕಿನ ಮೊದಲ ಲೋಟ ಚಹಾ ಅಕ್ಕನ ಕೈಗೆ ಕೊಟ್ಟರು.

ಬೋಲ್ಟುಗಳು ಬಿಚ್ಚಿಕೊಂಡವು. ಹಲಗೆಗಳು ಒಂದೊಂದಾಗಿ ಇಳಿದವು. ಕಲ್ಲು ಬೆಳಕಿಗೆ ಬಂತು. ಒಂದು ಮುಖದಲ್ಲಿ ಇಡೀ ಎತ್ತರಕ್ಕೆ ಶಿಲುಬೆ, ಅದರ ಮೈಮೇಲೆಲ್ಲ ಎಲ್ಲಿ ಶುರು ಎಲ್ಲಿ ಕೊನೆ ತಿಳಿಯದ ಗಂಟು ಬಳ್ಳಿ. ಥೇಟ್ ನಮ್ಮ ಚುಕ್ಕಿ ರಂಗೋಲಿಯ ಎಳೆಗಳು. ಇನ್ನೊಂದು ಮುಖದಲ್ಲಿ ಯುದ್ಧ: ಕುದುರೆ ಸವಾರರು, ಈಟಿ ಗುರಾಣಿಯ ಕಾಲಾಳುಗಳು. ಕೆಳಗೆ ಮೂಲೆಯಲ್ಲಿ ಸತ್ತು ಬಿದ್ದವನೊಬ್ಬ, ಅವನ ಮುಖ ಕುಕ್ಕುವ ಹಕ್ಕಿ.

ಅಕ್ಕ ಆ ಬಿದ್ದವನ ಎದುರು ನಿಂತಳು. "ಇವನನ್ನ ಮೇಲಕ್ಕೆ ಕರ್ಕೊಂಡು ಹೋಗೋಕೆ ಯಾರೂ ಬಂದಿಲ್ವಾ?"

ಅಪ್ಸರೆಯರು ಇಲ್ಲಿಲ್ಲ ಎಂದೆ. ಅವಳು ಬಲಗಡೆಯಿಂದ ನಿಧಾನ ಸುತ್ತಿಕೊಂಡು ಶಿಲುಬೆಯ ಕಡೆ ಹೋದಳು.

"ದೇವ್ರು ಈ ಕಡೆ ಇದ್ದಾನಲ್ಲ. ಸುತ್ತಿ ಬಂದ್ರೆ ಸಿಗ್ತಾನೆ, ಅಷ್ಟೇ," ಎಂದಳು. ಮತ್ತೆರಡು ಸುತ್ತು ಬಂದಳು. ಅವಳ ಹಿಂದೆ ಮೋರಾಗ್ ಕೂಡ, ಲೋಟ ಹಿಡಿದುಕೊಂಡೇ, ಸುತ್ತು ಬಂದರು.

ಕೊನೆಗೆ ಅಕ್ಕ ತನ್ನ ಪ್ರಶ್ನೆ ಕೇಳಿಸಿದಳು: ಪ್ರತಿ ವರ್ಷ ಇಷ್ಟು ಕಷ್ಟ ಯಾಕೆ, ಮ್ಯೂಸಿಯಂಗೆ ಕೊಡಬಾರದೇ?

ಆ ಮಾತು ಆಗಾಗ ಬರುತ್ತದೆ ಎಂದರು ಮೋರಾಗ್. ಅದು ತಪ್ಪು ಎಂದೂ ಅವರು ಹೇಳಲಿಲ್ಲ. ಕೆಲವು ಕಲ್ಲುಗಳು ಒಳಗೆ ಹೋಗಿದ್ದರಿಂದಲೇ ಉಳಿದಿವೆ. "ಆದರೆ ಇದರ ಪಕ್ಕ ನನ್ನ ತಾಯಿ ಇದ್ದಾಳೆ," ಎಂದು ಸಮಾಧಿ ತೋರಿಸಿದರು. "ಕಲ್ಲಿಗೆ ತೊಂದರೆ ಮಾಡುವುದು ಈ ಜಾಗ ಅಲ್ಲ, ಚಳಿ. ಚಳಿ ಇರುವಷ್ಟು ದಿನ ಪೆಟ್ಟಿಗೆ. ಆಮೇಲೆ ಬಿಸಿಲು."

ಅಕ್ಕ ತಲೆಯಾಡಿಸಿದಳು. ನನ್ನ ಫೋನಿಗೆ ಕೈ ಚಾಚಿದಳು. ಈ ಸಲ ಕರೆ ಮಾಡಿದ್ದು ಅವಳೇ.

"ಶಿವಾ, ಕೇಳು. ನಾಳೆಯಿಂದ್ಲೇ ಕೆಲಸ ಶುರು ಮಾಡ್ಸು."

"ಒಪ್ಕೊಂಡ್ಯಾ ದೊಡ್ಡಕ್ಕ? ಮ್ಯೂಸಿಯಂಗೆ ಹೇಳ್ಲಾ?"

"ಮ್ಯೂಸಿಯಂ ಅಲ್ಲ ಕಣೋ, ಬಡಗಿಗೆ ಹೇಳು. ಅಜ್ಜಪ್ಪಂಗೆ ನಾಲ್ಕು ಕಡೆ ಗಟ್ಟಿ ಹಲಗೆ ಪೆಟ್ಟಿಗೆ, ಮೇಲೆ ಇಳಿಜಾರು ಸೂರು. ಜೆಸಿಬಿ ಬರೋಕೆ ಮುಂಚೆ ಅದು ನಿಂತಿರ್ಬೇಕು. ಮನೆ ಮುಗಿಯೋವರೆಗೂ ಅವನು ಒಳಗಿರ್ಲಿ, ನೀನು ಹೊರಗೆ ಕಟ್ಕೋ. ಇಷ್ಟು ದಿನ ಬೇಡ ಅಂದಿದ್ದು ಏಟು ಬೀಳತ್ತೆ ಅಂತ ಕಣೋ."

"ಮತ್ತೆ ಕಂಬ?"

"ಕಂಬ ಕದಲ್ಲಿ. ಅದು ಇನ್ನೂ ಹುಟ್ಟೇ ಇಲ್ವಲ್ಲ."

ಶಿವಣ್ಣ ಉಸಿರು ಬಿಟ್ಟಿದ್ದು ಕೇಳಿಸಿತು. "ಕಂಬ ಒಳಗೆ ತಗೊಂಡ್ರೆ ಒಂದು ಕಾರ್ ಪಾರ್ಕಿಂಗ್ ಹೋಗತ್ತೆ ಅಕ್ಕ."

"ನಿಂಗೆ ಇರೋದು ಒಂದೇ ಕಾರು."

ಅವನು ಕೇಳಿದ: "ಪೆಟ್ಟಿಗೆ ಎಷ್ಟು ಎತ್ತರ ಇರ್ಬೇಕು?"

ಅಕ್ಕ ಸಿಂಧುವಿಗೆ ಕಳಚಿಟ್ಟ ಪೆಟ್ಟಿಗೆಯ ಫೋಟೋ ತೆಗೆಯಲು ಹೇಳಿದಳು. ಕೆಲಸಗಾರರಿಬ್ಬರೂ ಹಲಗೆಗಳನ್ನು ಮತ್ತೆ ಜೋಡಿಸಿ ಹಿಡಿದು ನಿಂತರು.

ಅತ್ತಿಗುಪ್ಪೆ

ಮನೆಯ ಕೆಲಸ ಈಗ ಎರಡನೇ ಅಂತಸ್ತಿಗೆ ಬಂದಿದೆ. ಅಂಗಳದ ಮೂಲೆಯಲ್ಲಿ ಜಲ್ಲಿ, ಮರಳು, ಕಬ್ಬಿಣದ ನಡುವೆ ಅಜ್ಜಪ್ಪನ ಪೆಟ್ಟಿಗೆ ನಿಂತಿದೆ. ಕಂಬ ಒಳಗೆ ಸರಿದಿದೆ. ಪೆಟ್ಟಿಗೆಯ ಹಲಗೆಗೆ ಅಕ್ಕ ಅರಿಸಿನ ಬಳಿದು ಕುಂಕುಮ ಇಡುತ್ತಾಳೆ. ಸಿಮೆಂಟ್ ಇಳಿಸುವವರು ಮೊದಲು ಅದಕ್ಕೆ ಕೈ ಮುಟ್ಟಿಸಿ ಕಣ್ಣಿಗೊತ್ತಿಕೊಂಡೇ ಮೂಟೆ ಎತ್ತುತ್ತಾರೆ. ಮೊನ್ನೆ ಪಾರ್ಸಲ್ ತಂದ ಹುಡುಗನೊಬ್ಬ ಬೈಕ್ ನಿಲ್ಲಿಸಿ ಕೇಳಿದ: "ಆಂಟಿ, ಒಳಗೆ ಯಾವ ದೇವ್ರು?"

"ಗೃಹಪ್ರವೇಶಕ್ಕೆ ಬಾರಪ್ಪ, ತೆರೆ ತೆಗೀತೀವಿ," ಎಂದಳು ಅಕ್ಕ. ಹೀಗೆ ಅವಳು ದಾರಿಯಲ್ಲಿ ಹೋಗುವವರನ್ನೆಲ್ಲ ಕರೆಯುತ್ತಿದ್ದಾಳೆ. ಅಡುಗೆಯವರಿಗೆ ಎಷ್ಟು ಎಲೆ ಹೇಳಬೇಕೆಂಬುದು ಶಿವಣ್ಣನ ಹೊಸ ಚಿಂತೆ.

ಕಳೆದ ವಾರ ಸಿಂಧು ಒಂದು ಫೋಟೋ ಕಳಿಸಿದಳು. ಮೋರಾಗ್ ಅವಳಿಗೆ ಕಳಿಸಿದ್ದು. ಅಬರ್ಲೆಮ್ನೊದಲ್ಲಿ ಚಳಿಗಾಲ ಬಂದಿದೆ, ಕಲ್ಲಿಗೆ ಪೆಟ್ಟಿಗೆ ಮತ್ತೆ ಏರಿದೆ. ಹಳದಿ ಪಟ್ಟೆಯ ಕಲೆ ಮರದ ಮೇಲೆ ಮಸುಕಾಗಿ ಉಳಿದಿದೆ. ಅದರ ಕೆಳಗೆ ಹೊಸದಾಗಿ ಒಂದು ಕೆಂಪು ಚುಕ್ಕೆ. ಲಿಪ್‌ಸ್ಟಿಕ್‌ನಲ್ಲಿ ಇಟ್ಟಿದ್ದು, ಮನೆಯಲ್ಲಿ ಬೇರೇನೂ ಕೆಂಪು ಸಿಗಲಿಲ್ಲ ಎಂದು ಮೋರಾಗ್ ಬರೆದಿದ್ದರು.

ಅಕ್ಕ ಕನ್ನಡಕ ಹಾಕಿಕೊಂಡು, ಫೋಟೋ ಹಿಗ್ಗಿಸಿ, ಬಹಳ ಹೊತ್ತು ನೋಡಿದಳು.

"ಬೊಟ್ಟು ಸ್ವಲ್ಪ ಕೆಳಗಾಯ್ತು," ಎಂದಳು. "ಇರ್ಲಿ, ಬರೋ ವರ್ಷಕ್ಕೆ ಸರಿಯಾಗಿ ಇಡ್ತಾಳೆ."